ಕೆರೆಯ ರಾಡಿ ಮತ್ತು ಕುಡಿಯುವ ನೀರು

ನೀರು ಪರೀಕ್ಷೆಯ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಹೋದ ತಿಂಗಳು ರಾಣೆಬೆನ್ನೂರಿನ ನಮ್ಮ ಮನೆಗೆ ಬಂದಿದ್ದರು. ಅವಲಕ್ಕಿ ತಿಂದು ಚಹಾ ಕುಡಿದಾದ ಮೇಲೆ ಒಬ್ಬಳು ಕೇಳಿದಳು: "ಮೇಡಂ, ಎಲ್ಲಾ ಟೆಸ್ಟಿನಾಗ ಭಾಳ ಕಠಿಣ ಯಾವುದ್ರಿ?"

"ಟೆಸ್ಟ್ ಯಾವುದೂ ಕಠಿಣ ಅಲ್ಲ. ಅದರಾಗ ಏನ್ ಬಂತೋ ಅದನ್ನ ಹೋಗಿ ಮಂದಿಗೆ ಹೇಳೂದು ಕಠಿಣ" ಎಂದೆ.

ಇಬ್ಬರೂ ನಕ್ಕರು. ನಾನು ತಮಾಷೆ ಮಾಡಿದೆ ಅಂದುಕೊಂಡರೋ ಏನೋ. ಅವರು ಹೋದ ಮೇಲೆ ಇದನ್ನು ಬರೆಯಲು ಕೂತೆ. ನನಗೆ ಯಾವಾಗ ಬಡ್ತಿ ಬಂತು, ಯಾವ ಮೇಜಿನಿಂದ ಯಾವ ಮೇಜಿಗೆ ಹೋದೆ ಎನ್ನುವುದು ನನಗೇ ಸರಿಯಾಗಿ ನೆನಪಿಲ್ಲ. ನೆನಪಿರುವುದು ನೀರು, ಮತ್ತು ಆ ನೀರು ಕುಡಿಯುತ್ತಿದ್ದ ಕೆಲವು ಜನ.

ನನ್ನ ಕೆಲಸ ಹಾವೇರಿಯಲ್ಲಿ. ಬೆಳಗಿನ ಗಾಡಿಗೆ ರಾಣೆಬೆನ್ನೂರಿನಿಂದ ಹೊರಟು ಸಂಜೆಯ ಗಾಡಿಗೆ ವಾಪಸು. ಹಳ್ಳಿಗಳ ಬೋರ್‌ವೆಲ್ ನೀರು ಬಾಟಲಿಗಳಲ್ಲಿ ಬರುತ್ತಿತ್ತು. ಅದರಲ್ಲಿ ಫ್ಲೋರೈಡ್ ಎಷ್ಟು, ಗಡಸುತನ ಎಷ್ಟು, ನೈಟ್ರೇಟ್ ಎಷ್ಟು ಎಂದು ನೋಡಿ ಹೇಳುವುದು ನಮ್ಮ ಪಾಲಿನ ಕೆಲಸ. ಇವುಗಳಲ್ಲಿ ನನ್ನನ್ನು ಬಿಡದೆ ಬೆನ್ನು ಹತ್ತಿದ್ದು ನೈಟ್ರೇಟ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಹೊಲಕ್ಕೆ ಹಾಕಿದ ಯೂರಿಯಾದಿಂದ, ಮನೆ ಹಿಂದಿನ ತಿಪ್ಪೆಯಿಂದ, ಪಾಯಖಾನೆಯ ಗುಂಡಿಯಿಂದ ಮಳೆನೀರಿನ ಜೊತೆ ಮೆಲ್ಲಗೆ ಇಳಿದು ಬೋರಿನ ನೀರಿಗೆ ಸೇರುತ್ತದೆ. ನೀರು ತಿಳಿಯಾಗಿಯೇ ಇರುತ್ತದೆ. ಕುಡಿದವರು "ಭಾಳ ಸಿಹಿ ನೀರ್ರಿ ನಮ್ಮೂರಂದು" ಎಂದೇ ಹೇಳುತ್ತಾರೆ.

ನಾನು ಸೇರಿದ ಹೊಸದರಲ್ಲಿ ನೈಟ್ರೇಟ್ ನೋಡುವ ಪದ್ಧತಿ ಅಡುಗೆಮನೆಯ ಕೆಲಸದಂತೆಯೇ ಇತ್ತು. ನೀರನ್ನು ಪಿಂಗಾಣಿ ಬಟ್ಟಲಿಗೆ ಹಾಕಿ ಹಬೆಯ ಮೇಲೆ ಪೂರ್ತಿ ಬತ್ತಿಸಬೇಕು. ತಳದಲ್ಲಿ ಉಳಿದ ಬಿಳಿಯ ಪುಡಿಗೆ ಆಮ್ಲ ಹನಿಸಬೇಕು. ಕೊನೆಗೆ ಅಮೋನಿಯಾ ಸುರಿದರೆ ಹಳದಿ ಬಣ್ಣ ಏಳುತ್ತದೆ. ಹಳದಿ ಗಾಢವಾದಷ್ಟೂ ನೈಟ್ರೇಟ್ ಹೆಚ್ಚು. ಆಮ್ಲ ಸಿಡಿದು ನನ್ನ ಸೀರೆಗಳಿಗೆಲ್ಲ ಚುಕ್ಕೆ ಚುಕ್ಕೆ ತೂತು. ನಮ್ಮ ಅತ್ತೆಯವರು, "ಮೊದಲ ಜಳಕಾ ಮಾಡಿ ಬಾ, ಆಮ್ಯಾಲೆ ಒಲಿ ಮುಟ್ಟು" ಅನ್ನುತ್ತಿದ್ದರು. ಮಡಿಗಾಗಿ ಅಲ್ಲ, ಅಮೋನಿಯಾದ ನಾತಕ್ಕಾಗಿ. ಆಮೇಲೆ ಬೆಳಕು ಹಾಯಿಸಿ ಲೆಕ್ಕ ಹೇಳುವ ಯಂತ್ರ ಬಂತು. ಈಗ ಚೀಲದಲ್ಲಿ ಒಯ್ಯುವ ಕಿಟ್ಟುಗಳೇ ಬಂದಿವೆ. ಸೀರೆಗಳು ಉಳಿದವು.

ಬ್ಯಾಡಗಿ ತಾಲೂಕಿನಲ್ಲಿ ಆದ ಒಂದು ಫಜೀತಿಯನ್ನು ಹೊಸಬರಿಗೆ ಹೇಳಲೇಬೇಕು. ಒಮ್ಮೆ ಆ ಕಡೆಯ ಹಲವು ಹಳ್ಳಿಗಳ ನೀರಿನಲ್ಲಿ ಒಟ್ಟೊಟ್ಟಿಗೆ ನೈಟ್ರೇಟ್ ಏರಿಬಿಟ್ಟಿತು. ಮೆಣಸಿನಕಾಯಿ ಹೊಲಕ್ಕೆ ಸುರಿದ ಗೊಬ್ಬರವೇ ಕಾರಣ ಎಂದು ಎಲ್ಲರೂ ತಲೆಯಾಡಿಸಿದೆವು. ಹಿರೇಮಠ ಸಾಹೇಬರು ಆಗ ನಮ್ಮ ಮೇಲಿನ ಇಂಜಿನಿಯರು. ಕಡಿಮೆ ಮಾತಿನ, ಗಂಟುಮುಖದ ಮನುಷ್ಯ. ಕೊಳವೆಬಾವಿಗಳಿಗೆ ಕೆಂಪು ಬಣ್ಣ ಬಳಿಸಿ, ಕುಡಿಯಬಾರದು ಎಂದು ಬರೆಸಿದರು. ಹೆಂಗಸರು ದೂರದ ತೋಟಗಳಿಂದ ನೀರು ಹೊರತೊಡಗಿದರು.

ಆದರೆ ಬೆಟ್ಟದ ಬುಡದ ಒಂದು ಊರಿನ ಲೆಕ್ಕ ಮಾತ್ರ ಯಾರಿಗೂ ಒಪ್ಪಲಿಲ್ಲ. ಅಲ್ಲಿ ಹೊಲವೂ ಇಲ್ಲ, ತಿಪ್ಪೆಯೂ ಇಲ್ಲ. ಕೊನೆಗೆ ನಾವು ಖಾಲಿ ಬಾಟಲಿಗೆ ಬಟ್ಟಿ ಇಳಿಸಿದ ಶುದ್ಧ ನೀರು ಹಾಕಿ ನೋಡಿದೆವು. ಅದರಲ್ಲೂ ಹಳದಿ! ಆ ಬಾಟಲಿಗಳ ಪೆಟ್ಟಿಗೆ ಲೋಹಗಳ ಪರೀಕ್ಷೆಗೆಂದು ಸಿದ್ಧಮಾಡಿದ್ದು. ನೈಟ್ರಿಕ್ ಆಮ್ಲದಲ್ಲಿ ತೊಳೆದು ಕಳಿಸಿದ್ದರು. ಆ ಆಮ್ಲದ ಪಸೆಯೇ ನಮಗೆ ನೈಟ್ರೇಟ್ ಆಗಿ ಕಂಡಿತ್ತು. ಊರವರ ನೀರು ಚೆನ್ನಾಗಿಯೇ ಇತ್ತು.

ಸದ್ದಿಲ್ಲದೆ ಕೊಳವೆಬಾವಿಗಳ ಕೆಂಪು ಬಣ್ಣ ಅಳಿಸಿಬಿಡಬಹುದಿತ್ತು. ಹಿರೇಮಠ ಸಾಹೇಬರು ಜೀಪು ತರಿಸಿ, "ನಡೀರಿ ಮೇಡಂ" ಎಂದರು. ಒಂದೊಂದು ಊರಿಗೂ ಹೋಗಿ ಬಾವಿಯ ಕಟ್ಟೆಯ ಮುಂದೆ ನಿಂತು, "ತಪ್ಪು ನಮ್ಮದಾತು. ನಿಮ್ಮ ನೀರು ಚೊಲೋ ಐತಿ, ಕುಡೀರಿ" ಎಂದು ಹೇಳಿದರು. ಒಂದು ಊರಿನಲ್ಲಿ ಒಬ್ಬಾಕೆ ತನ್ನ ಹೆಗಲು ತೋರಿಸಿ, "ಇದಕ್ಕ ಯಾರ್ ಎಣ್ಣಿ ಹಚ್ಚತಾರ್ರೀ ಸಾಹೇಬ್ರ?" ಎಂದು ಬೈದಳು. ಸಾಹೇಬರು ಪೂರ್ತಿ ಬೈಸಿಕೊಂಡು, ಕೈಮುಗಿದು ಜೀಪು ಹತ್ತಿದರು. ಅಂದಿನಿಂದ ಪ್ರತಿ ಸಲವೂ ಮೊದಲು ಖಾಲಿ ಬಾಟಲಿಯ ಪರೀಕ್ಷೆ, ಆಮೇಲೆ ಊರಿನದು. ನೀವೂ ಬಿಡಬೇಡಿ.

ಫಕ್ಕೀರವ್ವನ ಪರಿಚಯವಾದದ್ದು ಅದಾಗಿ ಎಷ್ಟೋ ವರ್ಷಗಳ ಮೇಲೆ. ಹಲಗೇರಿ ದಾಟಿ ಒಳಗೆ ಹೋದರೆ ಸಿಗುವ ಸಣ್ಣ ಊರು ಅವಳದು. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಆ ಊರಿನ ಗಂಡುಗಳಿಗೆ ಯಾರೂ ಹೆಣ್ಣು ಕೊಡುವುದಿಲ್ಲ ಎಂದು ಅವಳೇ ನನಗೆ ತಾಕೀತು ಮಾಡಿದ್ದಾಳೆ.

ಅವಳ ಮೊಮ್ಮಗ ಎರಡು ತಿಂಗಳ ಕೂಸು. ತಾಯಿಗೆ ಜ್ವರ ಬಂದು ಎದೆಹಾಲು ನಿಂತಿತ್ತು. ಪುಡಿಯ ಹಾಲು ಕದಡಿ ಕುಡಿಸುತ್ತಿದ್ದರು. ಒಂದು ದಿನ ಕೂಸಿನ ತುಟಿ, ಉಗುರು ನೀಲಿಗಟ್ಟಿದವು. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿದರೆ ಬಂದ ರಕ್ತ ಕೆಂಪಗಿರಲಿಲ್ಲ, ಕಾಕಂಬಿಯ ಬಣ್ಣಕ್ಕಿತ್ತು. ಅಲ್ಲಿದ್ದ ಡಾಕ್ಟರಮ್ಮ ಅದನ್ನು ಕಂಡ ಕೂಡಲೇ ಗುರುತು ಹಿಡಿದು ಔಷಧಿ ಕೊಟ್ಟರು, ಕೂಸು ಉಳಿಯಿತು. ಆಮೇಲೆ ನಮಗೆ ಫೋನ್ ಮಾಡಿ, "ಆ ಮನೀ ನೀರೊಮ್ಮೆ ನೋಡ್ರಿ" ಎಂದರು.

ಲೀಟರಿಗೆ ನಲವತ್ತೈದು ಮಿಲಿಗ್ರಾಂ ಮೀರಬಾರದು ಎಂದು ನಿಯಮ. ಆ ಬೋರಿನ ನೀರು ಅದನ್ನು ದಾಟಿ ಎಲ್ಲಿಗೋ ಹೋಗಿತ್ತು. ದೊಡ್ಡವರಿಗೆ ಅದು ಕೂಡಲೇ ಏನೂ ಮಾಡದಿರಬಹುದು. ಎಳೆಗೂಸಿನ ರಕ್ತದಿಂದ ಮಾತ್ರ ಉಸಿರು ಹೊರುವ ಶಕ್ತಿಯನ್ನೇ ಕಸಿದುಬಿಡುತ್ತದೆ.

ಹೇಳಲು ಹೋದೆ. ಫಕ್ಕೀರವ್ವ ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂರಿಸಿದಳು. ನಾನು ಬಾಯಿ ತೆರೆಯುವ ಮೊದಲೇ ಅಂದಳು: "ಅಕ್ಕಾರ, ನಾ ನೀರು ಹಂಗ ಕೊಟ್ಟಿಲ್ರಿ. ಅರ್ಧಕ್ಕ ಅರ್ಧ ಬತ್ತೂತನಕ ಕುದಿಸೀನಿ. ದೇವರಾಣಿ."

ಹೇಗೆ ಹೇಳಲಿ? ಕುದಿಸಿದರೆ ರೋಗದ ಕ್ರಿಮಿ ಸಾಯುತ್ತವೆ, ನೈಟ್ರೇಟ್ ಸಾಯುವುದಿಲ್ಲ. ಕೊನೆಗೆ ಕೇಳಿದೆ: "ಸಾರು ಭಾಳ ಹೊತ್ತು ಕುದಿಸಿದ್ರ ಉಪ್ಪು ಏನಾಗತೈತವ್ವಾ?"

"ಏರತೈತ್ರಿ" ಎಂದವಳು ಅಲ್ಲಿಗೇ ನಿಂತಳು. ಸೆರಗು ಬಾಯಿಗೆ ಹೋಯಿತು. "ಹಂಗಾರ ನನ್ನ ಕೈಲೇನ ಕುಡಿಸಿದ್ನಾ?"

"ನಿಮ್ಮ ಕೈಲೆ ಅಲ್ಲ. ನೀವು ಎಲ್ಲರೂ ಹೇಳಿದ್ದನ್ನ ಮಾಡೀರಿ. ಕುದಿಸಿ ಕುಡೀರಿ ಅಂತ ಹೇಳಿದವರು ನಾವ" ಎಂದೆ. ಅವಳು ಎದ್ದು ಒಳಗೆ ಹೋಗಿ ಕೂಸನ್ನು ತಂದು ನನ್ನ ತೊಡೆಯ ಮೇಲೆ ಇಟ್ಟಳು. ಉಗುರುಗಳನ್ನು ಒಂದೊಂದಾಗಿ ತೋರಿಸಿದಳು, ಎಲ್ಲವೂ ಗುಲಾಬಿ ಬಣ್ಣಕ್ಕೆ ತಿರುಗಿದ್ದವು. "ಇನ್ನ ಮ್ಯಾಲೆ ಯಾವ ನೀರು ಕೊಡ್ಲಿ, ಅದನ್ನ ಹೇಳ್ರಿ" ಎಂದಳು.

ಕೂಸುಗಳಿಗೆಂದು ಬೇರೆ ಕಡೆಯ ನೀರು ತರಿಸಿದೆವು. ಊರಿನ ಶುದ್ಧ ನೀರಿನ ಘಟಕವೇನೋ ಇತ್ತು. ಅದು ನೀರನ್ನು ಜರಡಿಯಂತಹ ಪರದೆಯಿಂದ ಒತ್ತಿ ಸೋಸುತ್ತದೆ. ಒಂದು ಕಡೆ ಒಳ್ಳೆಯ ನೀರು, ಇನ್ನೊಂದು ಕಡೆ ನೈಟ್ರೇಟೆಲ್ಲ ಸೇರಿದ ಕೆಟ್ಟ ನೀರು. ಆ ಕೆಟ್ಟ ನೀರು ಗಟಾರಕ್ಕೆ ಹೋಗಿ, ಇಂಗಿ, ಮತ್ತೆ ಅದೇ ಬೋರಿಗೆ ಸೇರುತ್ತಿತ್ತು. ಕಸವನ್ನು ಹೊರಗೆ ಗುಡಿಸಿ ಹಿತ್ತಲ ಬಾಗಿಲಿನಿಂದ ಒಳಗೆ ತಂದ ಹಾಗೆ. ಘಟಕ ಕೆಟ್ಟು ನಿಂತಾಗ, ಕೂಸು ನೀಲಿಯಾದ ದಿನಗಳಲ್ಲಿ ಆದಂತೆ, ಜನ ಬೋರಿನ ನೀರನ್ನೇ ಕುಡಿಯುತ್ತಿದ್ದರು, ಅದು ಮೊದಲಿಗಿಂತ ಕೆಟ್ಟದ್ದಾಗಿರುತ್ತಿತ್ತು.

ಅಷ್ಟರಲ್ಲಿ ಹಿರೇಮಠ ಸಾಹೇಬರು ಎರಡನೆಯ ಸಲ ಹಾವೇರಿಗೆ ಬಂದರು, ಈಗ ದೊಡ್ಡ ಇಂಜಿನಿಯರಾಗಿ. ಅವರ ಹತ್ತಿರ ಪ್ರಸನ್ನ ಎಂಬ ಸಂಶೋಧಕ ಅನುಮತಿ ಕೇಳಿಕೊಂಡು ಬಂದ. ಮೈಸೂರು ಕಡೆಯವನು, ವಿಶ್ವವಿದ್ಯಾಲಯದವನು, ಕನ್ನಡಕದ ಹಿಂದೆ ಸದಾ ನಿದ್ದೆಗೆಟ್ಟ ಕಣ್ಣು. ನೈಟ್ರೇಟನ್ನು ಸೋಸಿ ಬದಿಗಿಡುವುದಲ್ಲ, ಇಲ್ಲವಾಗಿಸುವುದು ಅವನ ವಿದ್ಯೆ.

"ಮಣ್ಣಲ್ಲಿ ಕೆಲವು ಬ್ಯಾಕ್ಟೀರಿಯಾ ಇರ್ತವೆ ಮೇಡಂ. ನಾವು ಗಾಳಿ ಉಸಿರಾಡೋ ಹಾಗೆ ಅವು ನೈಟ್ರೇಟ್ ಉಸಿರಾಡ್ತವೆ. ಕೊನೆಗೆ ಅದು ಸಾರಜನಕ ಆಗಿ ಗಾಳಿಗೆ ಹೋಗುತ್ತೆ. ನಮ್ಮ ಸುತ್ತ ಇರೋ ಗಾಳಿಯಲ್ಲಿ ಹೆಚ್ಚಿನ ಪಾಲು ಅದೇ ತಾನೆ?"

"ಅವು ಬದುಕಬೇಕಾದ್ರ ಏನರ ತಿನ್ನಬೇಕಲ್ಲ?" ಎಂದೆ.

"ಸಕ್ಕರೆ, ಆಲ್ಕೋಹಾಲ್ ಏನಾದ್ರೂ ಕೊಡಬಹುದು. ಆದರೆ ಅದರ ಉಳಿಕೆ ನೀರಲ್ಲೇ ಇರುತ್ತೆ. ಅದಕ್ಕೇ ನಾವು ಕರೆಂಟ್ ಕೊಡ್ತೀವಿ. ಬಹಳ ಸಣ್ಣ ಕರೆಂಟ್. ಇಂಗಾಲದ ಬಟ್ಟೆಗೆ ಅಂಟಿಕೊಂಡು, ಅದರಿಂದಲೇ ಶಕ್ತಿ ಹೀರಿಕೊಳ್ತವೆ."

ಸಾಹೇಬರು ಎಲ್ಲ ಕೇಳಿ, "ಮೇಡಂ ನೋಡಿ ಹೂಂ ಅನ್ನೂತನಕ ಒಂದು ಹನಿ ಯಾರಿಗೂ ಕುಡಿಸೂಹಂಗಿಲ್ಲ" ಎಂದಷ್ಟೇ ಹೇಳಿ ಸಹಿ ಹಾಕಿದರು.

ಊರಿನ ಶಾಲೆಯ ಪಕ್ಕದ ಕೋಣೆಯಲ್ಲಿ ಆಳೆತ್ತರದ ಪಾರದರ್ಶಕ ಕೊಳವೆಗಳು ನಿಂತವು. ಒಳಗೆ ಕಪ್ಪು ಇಂಗಾಲದ ಬಟ್ಟೆಯ ಸುರುಳಿ, ಮಾಳಿಗೆಯ ಮೇಲೆ ಸೌರ ಫಲಕ. ಇನ್ನು ಬೇಕಾದದ್ದು ಬ್ಯಾಕ್ಟೀರಿಯಾ. ಅದಕ್ಕಾಗಿ ಪ್ರಸನ್ನ ಪ್ಯಾಂಟು ಮಡಚಿ ಕೆರೆಗಿಳಿದು ತಳದ ಕಪ್ಪು ರಾಡಿಯನ್ನು ಬಕೆಟ್ಟಿನಲ್ಲಿ ತುಂಬಿಕೊಂಡು ಬಂದ. ಊರಿಗೆ ಊರೇ ನೋಡಲು ಬಂದಿತ್ತು.

"ಏನ್ ಸಾಹೇಬ್ರ, ಎಮ್ಮಿ ಬೀಳೂ ರಾಡಿ ತಂದು ಕುಡಿಯೂ ನೀರಿಗೆ ಹಾಕ್ತೀರಿ?" ಎಂದು ಒಬ್ಬ ಹಿರಿಯ ಕೇಳಿದ. ಪ್ರಸನ್ನ ಜೀವಕೋಶದಿಂದ ಆರಂಭಿಸಿ ವಿವರಿಸತೊಡಗಿದ. ಜನ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡತೊಡಗಿದರು. ಆಗ ಫಕ್ಕೀರವ್ವ ಕೊಳವೆಯ ಹತ್ತಿರ ಬಂದು ಬಗ್ಗಿ ನೋಡಿದಳು.

"ಹೆಪ್ಪು ಹಾಕಿದಂಗ ಅನ್ರಿ" ಎಂದಳು. "ಹಾಲಿಗೆ ಒಂದು ಚಮಚೆ ಮಜ್ಜಿಗಿ ಹಾಕಿದ್ರ ರಾತ್ರಿ ಕಳಿಯೂದ್ರಾಗ ಮೊಸರು. ಇದರದು ಎಷ್ಟ ದಿನ?"

"ಇದು ವಾರಗಟ್ಟಲೆ ಬೇಕಮ್ಮಾ" ಎಂದ ಪ್ರಸನ್ನ.

"ಚೊಲೋ ಹೆಪ್ಪಲ್ಲ ಬಿಡು" ಎಂದಳು. ಹೊರಟಿದ್ದವರೂ ನಕ್ಕು ನಿಂತರು. ಮಾರನೆಯ ದಿನದಿಂದ ಊರಿನಲ್ಲಿ ಆ ಕೋಣೆಗೆ ಹೆಪ್ಪಿನ ಮನಿ ಎಂದೇ ಹೆಸರಾಯಿತು.

ಕೊಳವೆಯಿಂದ ಹೊರಟ ನೀರು ಆಮೇಲೆ ಮರಳಿನ ಸೋಸುಕದಲ್ಲಿ ಇಳಿದು, ಕ್ರಿಮಿ ಕೊಲ್ಲುವ ದೀಪದ ಕೆಳಗೆ ಹಾದು ನಲ್ಲಿಗೆ ಬರುತ್ತಿತ್ತು. ನಾನು ವಾರವಾರ ಹೋಗಿ ಪರೀಕ್ಷಿಸುತ್ತಿದ್ದೆ. ಮೊದಮೊದಲು ಏನೂ ಇಲ್ಲ. ಕಪ್ಪು ಬಟ್ಟೆಯ ಮೇಲೆ ಲೋಳೆ ಕಟ್ಟತೊಡಗಿದ ಮೇಲೆ ನೈಟ್ರೇಟ್ ಇಳಿಯಿತು. ಇಳಿಯುತ್ತಲೇ ಹೋಯಿತು. ಆದರೆ ನೋಡಬೇಕಾದದ್ದು ಇನ್ನೊಂದಿತ್ತು, ನೈಟ್ರೈಟ್. ನೈಟ್ರೇಟ್ ಸಾರಜನಕವಾಗುವ ದಾರಿಯಲ್ಲಿ ನಡುವೆ ಸಿಗುವ ನಿಲ್ದಾಣ ಅದು. ಬ್ಯಾಕ್ಟೀರಿಯಾ ಕೆಲಸವನ್ನು ಅರ್ಧಕ್ಕೆ ಬಿಟ್ಟರೆ ನೀರಿನಲ್ಲಿ ಅದೇ ಉಳಿಯುತ್ತದೆ, ಮತ್ತು ಕೂಸುಗಳಿಗೆ ಅದು ನೈಟ್ರೇಟಿಗಿಂತ ಕೆಟ್ಟದ್ದು. ಅದರ ಪರೀಕ್ಷೆ ಸುಲಭ. ಔಷಧಿ ಹನಿಸಿ ಸ್ವಲ್ಪ ಹೊತ್ತು ಕಾಯಬೇಕು. ನೈಟ್ರೈಟ್ ಇದ್ದರೆ ನೀರು ಗುಲಾಬಿಯಾಗುತ್ತದೆ. ಕೊನೆಕೊನೆಗೆ ಅದೂ ಬರುವುದು ನಿಂತಿತು. ನಾನು ಹೂಂ ಅಂದೆ. ಉದ್ಘಾಟನೆ ನಿಗದಿಯಾಯಿತು.

ಆ ಬೆಳಿಗ್ಗೆ ನಾನು ಬೇಗ ಹೋದೆ. ಶಾಮಿಯಾನ ಹಾಕಿದ್ದರು, ಮೈಕು ಕಿರುಗುಟ್ಟುತ್ತಿತ್ತು. ನಲ್ಲಿ ತಿರುಗಿಸಿದರೆ ನೀರು ಭರ್ರೆಂದು ಬಂತು. ಒಂದು ಗಳಿಗೆ ಖುಷಿಯಾಯಿತು. ಮರುಗಳಿಗೆ ನಲ್ಲಿಯನ್ನು ತಟ್ಟನೆ ನಿಲ್ಲಿಸಿದೆ. ನಮ್ಮ ನಲ್ಲಿ ಎಂದೂ ಹೀಗೆ ಸುರಿದದ್ದಿಲ್ಲ. ಬ್ಯಾಕ್ಟೀರಿಯಾ ತಮ್ಮ ಕೆಲಸ ಮುಗಿಸಬೇಕಾದರೆ ನೀರು ಕೊಳವೆಯಲ್ಲಿ ನಿಧಾನವಾಗಿ ಹಾಯಬೇಕು. ಪರೀಕ್ಷಿಸಿದೆ. ಗುಲಾಬಿ. ಇನ್ನೊಮ್ಮೆ ಮಾಡಿದೆ. ಈ ಸಲ ದಾಸವಾಳ ಹಿಂಡಿದ ಹಾಗೆ.

ನೀರು ಬಿಡುವ ನಿಂಗಪ್ಪ ಹೊಸ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದ. "ನಿಂಗಪ್ಪ, ವಾಲ್ವ್ ಮುಟ್ಟೀರೇನು?"

"ನಿನ್ನೆ ಸಂಜಿಗೆ ಪೂರಾ ತೆರೆದೀನ್ರಿ ಮೇಡಂ" ಎಂದ, ಸಂಭ್ರಮದಿಂದಲೇ. "ಜಿಲ್ಲೆಯಿಂದ ದೊಡ್ಡ ಸಾಹೇಬ್ರು ಬರತಾರ. ಕೂಸು ಉಚ್ಚಿ ಹೊಯ್ದಂಗ ನೀರು ಬಂದ್ರ ಊರಿನ ಮರ್ಯಾದಿ ಏನ್ ಉಳೀತ್ರಿ?"

ಅಷ್ಟರಲ್ಲಿ ಕಾರುಗಳು ಬಂದವು. ಜಿಲ್ಲೆಯ ಹಿರಿಯ ಅಧಿಕಾರಿಯೊಬ್ಬರು ವೇದಿಕೆ ಹತ್ತಿದರು. ನಾನು ಗುಲಾಬಿ ನೀರಿದ್ದ ಪುಟ್ಟ ಗಾಜಿನ ಕೊಳವೆ ಹಿಡಿದು ಹಿರೇಮಠ ಸಾಹೇಬರ ಬಳಿ ಓಡಿದೆ. ಅವರು ನೋಡಿದರು. "ಖಾತ್ರಿ?"

"ಎರಡು ಸಲ ಮಾಡೀನಿ ಸರ್. ಖಾಲಿ ಬಾಟಲಿನೂ ನೋಡೀನಿ."

ಅವರು ವೇದಿಕೆಯತ್ತ ತಿರುಗುವ ಹೊತ್ತಿಗೆ ಯಾರೋ ಆ ನಲ್ಲಿಯ ನೀರನ್ನೇ ಬೆಳ್ಳಿಯ ಲೋಟದಲ್ಲಿ ತಂದು ಅತಿಥಿಗಳ ಕೈಗೆ ಕೊಟ್ಟಿದ್ದರು. ಲೋಟ ತುಟಿಯ ಹತ್ತಿರ ಹೋಗಿತ್ತು. ಸಾಹೇಬರು ಮೆಟ್ಟಿಲು ಹತ್ತಿದವರೇ ಲೋಟದ ಬಾಯಿಗೆ ಅಂಗೈ ಅಡ್ಡ ಹಿಡಿದರು.

"ಏನ್ರೀ ಇದು?" ಎಂದರು ಆ ಅಧಿಕಾರಿ.

"ಕುಡೀಬ್ಯಾಡ್ರಿ ಸರ್. ಇವತ್ತ ಈ ನೀರು ಕೆಟ್ಟೈತಿ."

"ಮತ್ತ ನನ್ನ ಯಾಕ ಕರೆಸಿದ್ರಿ?"

"ಚೊಲೋ ನೀರು ಕುಡಿಸಾಕ ಕರೆಸಿದ್ವಿ. ಅದು ಇನ್ನೂ ತಯಾರಾಗಿಲ್ಲ" ಎಂದು ಹೇಳಿ ಸಾಹೇಬರು ಮೈಕಿನ ಮುಂದೆ ಬಂದರು. ಏನಾಯಿತು, ಯಾಕಾಯಿತು ಎನ್ನುವುದನ್ನು ನಾಲ್ಕು ಮಾತಿನಲ್ಲಿ ಹೇಳಿದರು. ನಿಂಗಪ್ಪನ ಹೆಸರು ಎತ್ತಲಿಲ್ಲ. "ವಾಲ್ವಿನ ಮ್ಯಾಲೆ ಬೀಗ ಹಾಕೂದು ನಮ್ಮ ಕೆಲಸ ಆಗಿತ್ತು, ಹಾಕಿರಲಿಲ್ಲ" ಎಂದರು. ನಲ್ಲಿಗೆ ಗೋಣಿಚೀಲ ಕಟ್ಟಿಸಿದರು. ಅತಿಥಿಗಳ ಕಾರು ಧೂಳೆಬ್ಬಿಸಿಕೊಂಡು ಹೋಯಿತು. ನಿಂಗಪ್ಪ ಕೋಣೆಯ ಹಿಂದೆ ಹೊಸ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ಪ್ರಸನ್ನ ಅವನ ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತಿದ್ದ.

ವಾಪಸಾಗುವಾಗ ಜೀಪಿನಲ್ಲಿ ಸಾಹೇಬರಿಗೆ ಮೇಲಿಂದ ಮೇಲೆ ಫೋನು. "ಹೌದ್ರಿ ಸರ್, ಹೌದ್ರಿ ಸರ್" ಎನ್ನುತ್ತಲೇ ಇದ್ದರು. ಮೋಟೆಬೆನ್ನೂರು ಬಂದಾಗ ಫೋನು ಜೇಬಿಗಿಟ್ಟು, ಗಾಡಿ ನಿಲ್ಲಿಸಿ, ಗಿರಮಿಟ್ಟು ಮಿರ್ಚಿ ತರಿಸಿದರು. "ತಿನ್ರಿ ಮೇಡಂ. ಮುಂಜಾನಿಂದ ಇಬ್ಬರೂ ಏನೂ ತಿಂದಿಲ್ಲ" ಎಂದರು. ಆ ವಿಷಯದ ಬಗ್ಗೆ ಅವರು ಆಡಿದ ಮಾತು ಅಷ್ಟೇ.

ಊರಿನಲ್ಲಿ ಹೆಪ್ಪಿನ ಮನಿಯನ್ನು ಕಿತ್ತು ಹಾಕಬೇಕೆಂದು ಸಭೆ ಸೇರಿತು. ವಿಷ ಬಂದಿದೆ ಎಂದು ಸಾಹೇಬರೇ ಮೈಕಿನಲ್ಲಿ ಹೇಳಿದ ಮೇಲೆ ಇನ್ನೇನು ಎಂಬುದು ಹಲವರ ವಾದ. ಪ್ರಸನ್ನ ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ನಾನು ಬಾಗಿಲ ಹತ್ತಿರ ನಿಂತಿದ್ದೆ. ಅಷ್ಟು ತಿಂಗಳ ಕೆಲಸ ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಫಕ್ಕೀರವ್ವ ಹೆಂಗಸರ ನಡುವಿನಿಂದ ಎದ್ದಳು. ಸಭೆಯಲ್ಲಿ ಅವಳು ಮಾತಾಡಿದ್ದನ್ನು ಅದಕ್ಕಿಂತ ಮೊದಲು ಯಾರೂ ಕೇಳಿರಲಿಲ್ಲವಂತೆ. "ನನ್ನ ಮೊಮ್ಮಗ ನೀಲಿ ಆದಾಗ ಈ ಊರಾಗಿನ ಎಲ್ಲಾ ನೀರೂ ಚೊಲೋನ ಇತ್ತು. ಕೆಟ್ಟೈತಿ ಅಂತ ಒಬ್ಬರೂ ಹೇಳಿರಲಿಲ್ಲ" ಎಂದಳು. "ಇವರು ದೊಡ್ಡ ಸಾಹೇಬನ ಬಾಯಿಗೆ ಕೈ ಅಡ್ಡ ಇಟ್ಟು ಹೇಳ್ಯಾರ. ಕೆಟ್ಟಾಗ ಕೆಟ್ಟೈತಿ ಅಂದವರು, ಚೊಲೋ ಆದಾಗ ಚೊಲೋ ಆಗೇತಿ ಅಂತಾರ. ನಾ ಅಲ್ಲೀತನಕ ಕಾಯ್ತೀನಿ. ಕಾಯಾಕಾಗದವರು ಬೋರಿಂದ ಕುಡೀರಿ."

ಕೀಳುವ ಮಾತು ಮುಂದಕ್ಕೆ ಹೋಯಿತು.

ಜೋರಿನ ನೀರಿಗೆ ಬಟ್ಟೆಯ ಮೇಲಿನ ಲೋಳೆ ಅಲ್ಲಲ್ಲಿ ಕಿತ್ತುಹೋಗಿತ್ತು. ಅದು ಮತ್ತೆ ಕಟ್ಟಬೇಕು. ನಿಂಗಪ್ಪ ವಾಲ್ವಿಗೆ ಬೀಗ ಹಾಕಿ ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡ. ಪಂಚಾಯ್ತಿಯವರು ಕೇಳಿದರೂ ಕೊಡುತ್ತಿರಲಿಲ್ಲ. ಮೋಡ ಕವಿದು ಸೌರ ಫಲಕ ಸೋತ ದಿನ ಪ್ರಸನ್ನನಿಗೆ ಅವನೇ ಫೋನ್ ಮಾಡಿ, "ಹೆಪ್ಪಿಗೆ ಇವತ್ತ ಊಟ ಕಡಿಮಿ ಆಗೇತ್ರಿ" ಎಂದು ಹೇಳುತ್ತಿದ್ದ. ಬ್ಯಾಟರಿ ಕೂಡಿಸಿದ್ದು ಅವನ ಕಾಟಕ್ಕೇ. ನಾನು ಮೊದಲಿನಂತೆ ವಾರವಾರ ಹೋಗುತ್ತಿದ್ದೆ. ಪ್ರತಿ ಸಲವೂ ತೆಳು ಗುಲಾಬಿ. ಪ್ರತಿ ಸಲವೂ ತಲೆಯಾಡಿಸಿ ಬರುತ್ತಿದ್ದೆ.

ಈಗ ಆ ಊರಿಗೆ ಹೊಳೆಯ ನೀರಿನ ನಲ್ಲಿಯೂ ಬಂದಿದೆ. ಅದು ಬಾರದ ದಿನಗಳಲ್ಲಿ ಹೆಪ್ಪಿನ ಮನಿಯೇ ಗತಿ. ಇದೇ ಎಲ್ಲ ಊರಿಗೂ ಮದ್ದು ಎಂದು ನಾನು ಹೇಳಲಾರೆ. ಇದು ನಿಧಾನ, ಕಾಳಜಿ ಬಹಳ ಬೇಡುತ್ತದೆ, ನಿಂಗಪ್ಪನಂಥವನೊಬ್ಬ ಸಿಗಬೇಕು. ನನ್ನ ವೃತ್ತಿಯಲ್ಲಿ ಕಂಡ ಹಲವು ಪದ್ಧತಿಗಳಲ್ಲಿ ಇದೂ ಒಂದು. ಆದರೆ ಕೆಲಸದಲ್ಲಿ ನಿನಗೆ ಅತ್ಯಂತ ಸಂತೋಷವಾದ ದಿನ ಯಾವುದು ಎಂದು ಯಾರಾದರೂ ಕೇಳಿದರೆ, ನಾನು ಹೇಳುವ ದಿನ ಅಲ್ಲಿಯದೇ.

ಚಳಿಗಾಲದ ಒಂದು ಮುಂಜಾನೆ. ಶಾಲೆಯ ಕಟ್ಟೆಯ ಮೇಲೆ ಕಿಟ್ಟು ಬಿಚ್ಚಿ ಕೂತಿದ್ದೆ. ನಾನು ಬಂದದ್ದು ಕಂಡು ಹೆಂಗಸರು ಒಬ್ಬೊಬ್ಬರಾಗಿ ಬಂದು ಸುತ್ತ ನಿಂತರು. ಕೊಡಗಳನ್ನು ಯಾರೂ ತಂದಿರಲಿಲ್ಲ, ತಂದು ತಂದು ಬೇಸತ್ತಿದ್ದರು. ಫಕ್ಕೀರವ್ವ ಮಾತ್ರ ಒಂದನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದಳು. ನೈಟ್ರೇಟ್ ಮಿತಿಯೊಳಗೇ ಇತ್ತು. ನೈಟ್ರೈಟಿನ ಔಷಧಿ ಹನಿಸಿ ಗಾಜಿನ ಕೊಳವೆಯನ್ನು ಬಿಳಿ ಹಾಳೆಯ ಮುಂದೆ ಹಿಡಿದೆ.

"ಬಂತೇನ್ರಿ ಬಣ್ಣ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಸುಮ್ನಿರ. ತಡಿ" ಎಂದಳು ಇನ್ನೊಬ್ಬಳು.

ನಿಂಗಪ್ಪ ಕಣ್ಣು ಮುಚ್ಚಿ ನಿಂತಿದ್ದ. ಕಾಯಬೇಕಾದ ಹೊತ್ತು ಕಾದೆ. ಆಮೇಲೆ ನನ್ನ ಸಮಾಧಾನಕ್ಕೆ ಇನ್ನೂ ಒಂದಷ್ಟು ಹೊತ್ತು ಕಾದೆ. ನೀರು ನೀರಿನ ಹಾಗೆಯೇ ಇತ್ತು. ಬಿಸಿಲಿಗೆ ಎತ್ತಿ ಹಿಡಿದರೆ ಅದರಾಚೆ ಫಕ್ಕೀರವ್ವನ ಮುಖ ಕಾಣುತ್ತಿತ್ತು.

"ಬರಲಿಲ್ಲ" ಎಂದೆ. "ಚೊಲೋ ಆಗೇತಿ. ಕುಡೀರಿ."

ಫಕ್ಕೀರವ್ವ ಕೊಡವನ್ನು ನಲ್ಲಿಯ ಕೆಳಗಿಟ್ಟು, ಸಣ್ಣಗೆ ಬೀಳತೊಡಗಿದ ನೀರಿನ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು. ಉಳಿದವರನ್ನು ನೋಡಿ, "ಮಾರಿ ಏನ್ ನೋಡ್ತೀರಿ? ಕೊಡ ತರಾಕ ಹೋಗ್ರಿ, ಲಗೂ" ಎಂದಳು. ಹೆಂಗಸರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗಳತ್ತ ಓಡಿದರು.